ಆಟವನ್ನು ನಕಲಿಸಿಟ್ಟರೆ ಸಾಕೇ?

ಉಡುಪಿಯಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಇಂಟರ್ನೆಟ್ ಯಾವಾಗ ಕೈಕೊಡುತ್ತದೆ ಎಂದು ಹೇಳುವಂತಿಲ್ಲ. ಅಂಥ ಹೊತ್ತಿನಲ್ಲೇ ವಿಂಡೋಸ್ ಕೆಟ್ಟು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕಾಗಿ ಬಂತೆನ್ನಿ. 60 ಜಿಬಿಯ ಕಂಪ್ಯೂಟರ್ ಆಟವೊಂದನ್ನು ಮತ್ತೆ ಇಳಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ಸಂಪರ್ಕದಲ್ಲಿ ಸೆಕೆಂಡಿಗೆ ಬರುವುದು 5 ಮೆಗಾಬೈಟ್ ಮಾತ್ರ. ಅಲ್ಲಿಗೆ ಮೂರು ಗಂಟೆ ಇಪ್ಪತ್ತು ನಿಮಿಷ, ಅದೂ ನಡುವೆ ಒಮ್ಮೆಯೂ ಕಡಿಯದಿದ್ದರೆ. ಅವೇ ಕಡತಗಳು ಸೆಕೆಂಡಿಗೆ 100 ಮೆಗಾಬೈಟ್ ಓದುವ ಹಾರ್ಡ್ ಡಿಸ್ಕಿನಲ್ಲಿದ್ದರೆ ಹತ್ತು ನಿಮಿಷದ ಕೆಲಸ.

ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ಕೊಂಡ ಆಟಗಳು 'ಸ್ಟೀಮ್‌ಆಪ್ಸ್' ಫೋಲ್ಡರ್‌ನ ಒಳಗಿರುವ 'ಕಾಮನ್' ಎಂಬಲ್ಲಿ ಕುಳಿತಿರುತ್ತವೆ. ಆಟದ ಫೋಲ್ಡರನ್ನು ನಕಲಿಸಿಟ್ಟು, ಮುಂದೆ ಅದೇ ಜಾಗಕ್ಕೆ ಮರಳಿ ಹಾಕಿ 'ಇನ್‌ಸ್ಟಾಲ್' ಒತ್ತಿದರೆ ಸ್ಟೀಮ್ ಕೂಡಲೇ ಇಳಿಸಲು ತೊಡಗುವುದಿಲ್ಲ. ಮೊದಲು ಇರುವುದನ್ನು ಪರೀಕ್ಷಿಸುತ್ತದೆ. ಡಿಸ್ಕಿನ ದೀಪ ಮಿನುಗುತ್ತಲೇ ಇರುತ್ತದೆ, ನೆಟ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ.

ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಈ ಪರೀಕ್ಷೆಯೇ. ಕಡತಗಳನ್ನು ಸುಮಾರು ಒಂದು ಮೆಗಾಬೈಟ್‌ನ ತುಂಡುಗಳಾಗಿ ನೋಡಿ, ಪ್ರತಿ ತುಂಡಿನಿಂದಲೂ ಹ್ಯಾಶ್ ಎಂಬ ಸಂಖ್ಯೆಯೊಂದನ್ನು ಲೆಕ್ಕಹಾಕಲಾಗುತ್ತದೆ. ಎಸ್‌ಎಚ್‌ಎ-1 ವಿಧಾನದಲ್ಲಿ ಈ ಸಂಖ್ಯೆಯ ಉದ್ದ 160 ಬಿಟ್; ಒಳಗಿರುವುದು ಒಂದು ಸಾಲಿನ ಪಠ್ಯವಾದರೂ ಸರಿ, ಇಡೀ ಆಟವಾದರೂ ಸರಿ, ಉದ್ದ ಬದಲಾಗದು. ತುಂಡಿನಲ್ಲಿ ಒಂದೇ ಒಂದು ಬಿಟ್ ಹೆಚ್ಚುಕಡಿಮೆಯಾದರೂ ಆ 160ರಲ್ಲಿ ಸರಾಸರಿ ಅರ್ಧದಷ್ಟು ಬಿಟ್‌ಗಳು ತಿರುಗಿಬೀಳುತ್ತವೆ. ಹಾಗಾಗಿ ಕೆಟ್ಟ ತುಂಡು ಅಡಗಿ ಕೂರುವಂತಿಲ್ಲ. ಸ್ಟೀಮ್ ಬಳಿಯಿರುವ ಹ್ಯಾಶ್‌ಗಳ ಪಟ್ಟಿಯೊಂದಿಗೆ ತಾಳೆಯಾಗದ ತುಂಡುಗಳನ್ನಷ್ಟೇ ಹೊಸದಾಗಿ ತರಿಸಿಕೊಳ್ಳಲಾಗುತ್ತದೆ. ವರ್ಷದ ಹಿಂದಿನ ನಕಲನ್ನು 'ಹಳತಾಯಿತು' ಎಂದು ಅಳಿಸುವವರಿಗೆ ಇದು ಗೊತ್ತಿರಬೇಕು: ನಡುವೆ ಬದಲಾದಷ್ಟು ಭಾಗ ಬಂದರೆ ಅದು ಮತ್ತೆ ಹೊಸ ಆಟವೇ.

ಪೆನ್‌ಡ್ರೈವ್‌ನಲ್ಲಿ ಜಾಗವಿದ್ದರೂ ದೊಡ್ಡ ಕಡತ ಹೋಗುತ್ತಿಲ್ಲವೆಂದರೆ ಅದು ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿರಬಹುದು. ಕಡತದ ಗಾತ್ರವನ್ನು 32 ಬಿಟ್‌ನಲ್ಲಿ ಬರೆದಿಡುವ ಕಾರಣ ಅದಕ್ಕೆ 4 ಜಿಬಿ ಮುಟ್ಟಿದ ಕಡತ ಹಿಡಿಸದು. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ಮುಗಿಯಿತು. ಬದಲಾಯಿಸುವಾಗ ಒಳಗಿದ್ದುದೆಲ್ಲ ಅಳಿಯುತ್ತದೆ, ಜೋಕೆ.

ಕಪಾಟಿನ ಬೆಲ್ಟು, ಪಾದರಕ್ಷೆಗಳಿಗೆ ಬೂಷ್ಟು ಹಿಡಿಯುವ ನಮ್ಮ ಕರಾವಳಿಯಲ್ಲಿ ಡಿಸ್ಕನ್ನು ಎಲ್ಲಿಡುವುದು ಎಂಬುದೂ ಪ್ರಶ್ನೆಯೇ. ಸಾಮಾನ್ಯ ಹಾರ್ಡ್ ಡಿಸ್ಕಿನ ಹೊರಕವಚದಲ್ಲಿ ಸೂಜಿ ಮೊನೆಯಷ್ಟರ ರಂಧ್ರವೊಂದಿರುತ್ತದೆ, ಪಕ್ಕದಲ್ಲಿ 'ಮುಚ್ಚಬೇಡಿ' ಎಂಬ ಸೂಚನೆ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮವಾಗಿರಲು ಅದು ಬೇಕು. ಅಲ್ಲಿರುವ ಸೋಸುಕ ಧೂಳನ್ನು ತಡೆಯುತ್ತದೆ, ತೇವವನ್ನು ಪೂರ್ತಿಯಾಗಿ ತಡೆಯಲಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಟ್ಟರೆ ವಾಸಿ. ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಾದರೆ ಆಗಾಗ ಕಂಪ್ಯೂಟರಿಗೆ ಜೋಡಿಸಬೇಕು. ಅದು ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಡುತ್ತದೆ, ವಿದ್ಯುತ್ತಿಲ್ಲದೆ ಬಹುಕಾಲ ಬಿದ್ದಿದ್ದರೆ ಆವೇಶ ಮೆಲ್ಲಗೆ ಸೋರುತ್ತದೆ.

ಇಷ್ಟೆಲ್ಲ ಮಾಡಿಯೂ ಹಲವರು ಆಡಿದ ಆಟದ ದಾಖಲೆಯನ್ನೇ ಮರೆಯುತ್ತಾರೆ. ಅದು ಅನೇಕ ಆಟಗಳಲ್ಲಿ ಆಟದ ಫೋಲ್ಡರ್‌ನಲ್ಲಿರದೆ 'ಡಾಕ್ಯುಮೆಂಟ್ಸ್' ಅಥವಾ 'ಆ್ಯಪ್‌ಡೇಟಾ'ದಲ್ಲಿರುತ್ತದೆ. ಆಟವನ್ನು ಎಷ್ಟು ಸಲವಾದರೂ ಇಳಿಸಿಕೊಳ್ಳಬಹುದು, ಇದು ಹೋದರೆ ಮತ್ತೆ ಮೊದಲಿನಿಂದ ಆಡಬೇಕು. ಕ್ಲೌಡ್‌ನಲ್ಲಿ ಉಳಿಯುತ್ತದೆ ಎನ್ನೋಣವೆಂದರೆ ಎಲ್ಲ ಆಟಗಳಿಗೂ ಆ ಸೌಲಭ್ಯವಿಲ್ಲ.

ಇನ್ನು ಅನುಮತಿಯ ಮಾತು. ಯೂಬಿಸಾಫ್ಟ್ 2014ರಲ್ಲಿ ತಂದ 'ದಿ ಕ್ರೂ' ಎಂಬ ಕಾರು ಓಟದ ಆಟದ ಸರ್ವರ್‌ಗಳು 2024ರ ಮಾರ್ಚ್ 31ರಂದು ಸ್ಥಗಿತಗೊಂಡವು. ಸರ್ವರ್ ಸಂಪರ್ಕವಿಲ್ಲದೆ ಆಟ ನಡೆಯದ ಕಾರಣ ಡಿಸ್ಕ್ ಕೈಯಲ್ಲಿದ್ದವರಿಗೂ ಆಡಲಾಗಲಿಲ್ಲ. ಪ್ರತಿ ಬಿಟ್ ಸರಿಯಾಗಿದ್ದರೂ ಕೀಲಿ ಬೇರೆಯವರ ಕೈಯಲ್ಲಿತ್ತು. ಜಿಒಜಿ ಮಳಿಗೆ ಕೊಡುವ ಆಫ್‌ಲೈನ್ ಇನ್‌ಸ್ಟಾಲರ್‌ಗಳಿಗೆ ಈ ತೊಡಕಿಲ್ಲ. ಒಮ್ಮೆ ಇಳಿಸಿಟ್ಟುಕೊಂಡರೆ ಲಾಗಿನ್ ಕೇಳದೆ ಸ್ಥಾಪನೆಯಾಗುತ್ತವೆ. ವರ್ಷಗಟ್ಟಲೆ ಇಟ್ಟುಕೊಳ್ಳಬೇಕೆನಿಸುವ ಆಟವಾದರೆ, ಬೆಲೆ ತುಸು ಹೆಚ್ಚಿದ್ದರೂ, ನಾನು ಮೊದಲು ಅಲ್ಲಿ ಹುಡುಕುತ್ತೇನೆ.