ಸಂಘದ ಬಾವುಟ ಬದಲಾದರೆ ನನ್ನ ಮತವೂ ಬದಲಾಗಬೇಕೆ?

ಪ್ರಶ್ನೆ: ನಮ್ಮ ತೋಟದ ಕಾರ್ಮಿಕ ಸಂಘ ಹೋದ ಚುನಾವಣೆಯವರೆಗೆ ಒಂದು ಪಕ್ಷದ ಪರವಾಗಿತ್ತು. ಈಗ ಮುಖಂಡರು ಇನ್ನೊಂದು ಪಕ್ಷದ ಶಾಲು ಹೊದ್ದು ಬಂದಿದ್ದಾರೆ. ನಾನು ಚಂದಾ ಕೊಡುವ ಸದಸ್ಯ. ಸಂಘ ಹೋದ ಕಡೆ ನಾನೂ ಹೋಗಬೇಕೆ? ಹೋಗದಿದ್ದರೆ ಬೋನಸ್ಸಿಗೆ ತೊಂದರೆಯಾಗುತ್ತದೆಯೆ?
(ಮೂಡಿಗೆರೆ ಕಡೆಯ ತೋಟ ಕಾರ್ಮಿಕರೊಬ್ಬರು)

ಹೋಗಬೇಕಾಗಿಲ್ಲ. ಬೋನಸ್ಸಿಗೆ ತೊಂದರೆಯೂ ಆಗುವುದಿಲ್ಲ. ಹಾಡಿದ್ದೇ ಹಾಡುವ ಕಿಸುಬಾಯಿ ದಾಸನ ಗತಿ ನನ್ನದಾಗಿದೆ. ಚುನಾವಣೆ ಹತ್ತಿರವಾದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ, ಕೈಬರಹ ಮಾತ್ರ ಬೇರೆ. ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ. ಇದನ್ನು ಕತ್ತರಿಸಿ ಲೈನಿನ (ತೋಟದ ಸಾಲುಮನೆಗಳ) ಗೋಡೆಗೆ ಅಂಟಿಸಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಘದವನಲ್ಲ. ಮೂವತ್ತು ವರ್ಷ ತೋಟದಲ್ಲಿ ರೈಟರ್ ಆಗಿ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಬರೆದವನು, ಎಂದರೆ ಸಾಹುಕಾರರ ಪಕ್ಕದ ಕುರ್ಚಿಯವನು. ಸಂಘದವರು ಬೇಡಿಕೆ ಪಟ್ಟಿ ಹಿಡಿದು ಬಂದಾಗ ಅದನ್ನು ತೆಗೆದುಕೊಂಡು ಮೊಹರು ಒತ್ತುತ್ತಿದ್ದದ್ದು ನಾನೇ. ಆ ಕುರ್ಚಿಯಿಂದ ಕಂಡದ್ದನ್ನೇ ಹೇಳುತ್ತಿದ್ದೇನೆ.

ನಿಮ್ಮ ಹತ್ತಿರ ಚಂದಾ ರಸೀದಿ ಇದೆಯೆ? ಹಳೆಯದು ಒಂದು, ಹೊಸದು ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಈಚೆಗೆ ಒಬ್ಬರು ನನಗೆ ಹಾಗೆ ಎರಡು ತಂದು ತೋರಿಸಿದರು. ಸಂಘದ ಹೆಸರು ಅದೇ, ನೋಂದಣಿ ಸಂಖ್ಯೆಯೂ ಅದೇ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಥ ಕೇಂದ್ರ ಸಂಘಟನೆಗೆ ‘ಸಂಯೋಜಿತ’ ಎಂಬ ಒಂದು ಸಾಲು ಇತ್ತು. ಹೊಸ ರಸೀದಿಯಲ್ಲಿ ಆ ಸಾಲಿನ ಮೇಲೆ ನೀಲಿ ಶಾಯಿಯ ಗೀಟು ಬಿದ್ದಿತ್ತು, ಅಷ್ಟೇ. ಹೊಸ ಪುಸ್ತಕ ಅಚ್ಚು ಹಾಕಿಸಲು ದುಡ್ಡಿರಲಿಲ್ಲವೋ, ಮುಂದಿನ ವರ್ಷ ಮತ್ತೆ ಅಳಿಸಬೇಕಾದೀತು ಎಂಬ ಮುಂದಾಲೋಚನೆಯೋ! ಸಂಘ ಎಂದರೆ ಆ ನೋಂದಣಿ ಸಂಖ್ಯೆ ಮತ್ತು ಅದರ ಹಿಂದಿರುವ ಸದಸ್ಯರು. ಸಂಯೋಜನೆ ಎಂಬುದು ಗೀಟು ಎಳೆದರೆ ಹೋಗುವ ಒಂದು ಸಾಲು. ಶಾಲಿನ ವಿಷಯವಂತೂ ಮುಖಂಡರ ಹೆಗಲಿಗೆ ಸೇರಿದ್ದು, ಅದಕ್ಕೆ ರಸೀದಿಯಲ್ಲಿ ಜಾಗವೇ ಇಲ್ಲ.

ಬೋನಸ್ಸಿನ ಮಾತು. ಅದು 1965ರ ಬೋನಸ್ ಕಾಯ್ದೆಯಿಂದ ಬಂದದ್ದು, ಈಗ ವೇತನ ಸಂಹಿತೆಯಲ್ಲಿದೆ. ವರ್ಷದಲ್ಲಿ ಕನಿಷ್ಠ 30 ದಿನ ದುಡಿದವರಿಗೆ ವರ್ಷದ ಕೂಲಿಯ ಶೇಕಡ 8.33ಕ್ಕೆ ಕಡಿಮೆಯಾಗದಂತೆ, 20 ಮೀರದಂತೆ ಕೊಡಬೇಕು ಎನ್ನುತ್ತದೆ ಆ ಲೆಕ್ಕ. ನಿಮ್ಮ ಹಾಜರಿ ನೋಡಿ ಕೊಡುತ್ತಾರೆಯೇ ಹೊರತು ಬಾವುಟ ನೋಡಿ ಅಲ್ಲ. ಹೆಚ್ಚಿಗೆ ಬೇಕೆಂದು ಸಂಘ ಜಗ್ಗಾಡಿ, ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಒಪ್ಪಂದವಾದರೆ ಅದು ಸಂಘದ ಸದಸ್ಯರಲ್ಲದ ಕೆಲಸಗಾರರಿಗೂ ಅನ್ವಯಿಸುತ್ತದೆ. ಸದಸ್ಯರಲ್ಲದವರನ್ನೇ ಹೊರಗಿಡಲು ಬಾರದ ಮೇಲೆ, ಬೇರೆ ಪಕ್ಷಕ್ಕೆ ಮತ ಹಾಕಿದ ಸದಸ್ಯನನ್ನು ಹೊರಗಿಡುವುದು ಎಲ್ಲಿಂದ ಬಂತು?

ಚಂದಾ ಹಣ ಪಕ್ಷಕ್ಕೆ ಹೋಗುತ್ತದೆಯೇ ಎಂದೂ ಕೆಲವರು ಕೇಳುತ್ತಾರೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲೇ ಇದಕ್ಕೆ ಉತ್ತರವಿತ್ತು. ಸಾಮಾನ್ಯ ನಿಧಿಯಿಂದ ಚುನಾವಣೆಗೆ ಖರ್ಚು ಮಾಡುವಂತಿಲ್ಲ. ರಾಜಕೀಯಕ್ಕೆ ದುಡ್ಡು ಬೇಕಿದ್ದರೆ ಪ್ರತ್ಯೇಕ ನಿಧಿ ಮಾಡಿ ಅದಕ್ಕೆಂದೇ ಬೇರೆ ವಂತಿಗೆ ಎತ್ತಬೇಕು. ಆ ವಂತಿಗೆ ಕೊಡುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ, ಕೊಡಲಿಲ್ಲವೆಂದು ಸೌಲಭ್ಯ ತಪ್ಪಿಸುವಂತಿಲ್ಲ. ಲೆಕ್ಕಪುಸ್ತಕ ನೋಡುವ ಹಕ್ಕು ಪ್ರತಿ ಸದಸ್ಯನಿಗೂ ಇದೆ. ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಏರ್ಪಾಡು ಇದೆ. ಲೆಕ್ಕಪುಸ್ತಕ ಕೊಡಿ ಎಂದು ಕೇಳಿದವರನ್ನು ಮಾತ್ರ ನಾನು ಮೂವತ್ತು ವರ್ಷದಲ್ಲಿ ಇಬ್ಬರನ್ನೇ ಕಂಡದ್ದು. ಅಂದಹಾಗೆ, 2001ರ ತಿದ್ದುಪಡಿಯಲ್ಲಿ ಗೊತ್ತುಮಾಡಿದ ಕನಿಷ್ಠ ಚಂದಾ ಗ್ರಾಮೀಣ ಕಾರ್ಮಿಕರಿಗೆ ವರ್ಷಕ್ಕೆ 1 ರೂಪಾಯಿ, ಅಸಂಘಟಿತ ವಲಯದವರಿಗೆ 3, ಉಳಿದವರಿಗೆ 12. ಅಷ್ಟು ದುಡ್ಡಿನಲ್ಲಿ ಚುನಾವಣೆ ನಡೆಸುವ ಪಕ್ಷವಿದ್ದರೆ ಅದಕ್ಕೆ ನನ್ನ ಮತವೂ ಇರಲಿ.

ಇನ್ನು ಎಷ್ಟು ಸಲ ಕಡಿದರೂ ಮತ್ತೆ ಚಿಗುರುವ ಮಾತಿಗೆ ಬರುತ್ತೇನೆ. ಅದು ‘ಲೈನಿನ ಓಟು ಸಂಘದ ಮುಖಂಡನ ಜೇಬಿನಲ್ಲಿದೆ’ ಎಂಬ ಮಾತು. ಅಭ್ಯರ್ಥಿಗಳು ಅದನ್ನು ನಂಬುತ್ತಾರೆ, ಸಾಹುಕಾರರೂ ನಂಬುತ್ತಾರೆ. ಮುಖಂಡರಂತೂ ಅದನ್ನು ನಂಬಿಸಿಯೇ ಬದುಕುತ್ತಾರೆ. ವಿಚಿತ್ರವೆಂದರೆ, ತನ್ನ ಬೆರಳಿಗೆ ಶಾಯಿ ಹಾಕಿಸಿಕೊಂಡು ತಾನೇ ಗುಂಡಿ ಒತ್ತಿ ಬಂದ ಕಾರ್ಮಿಕನೂ, ತನ್ನ ಮತವೊಂದನ್ನು ಬಿಟ್ಟು ಉಳಿದವರದ್ದೆಲ್ಲ ಆ ಜೇಬಿನಲ್ಲಿದೆ ಎಂದು ನಂಬುತ್ತಾನೆ.

1978ರ ನವೆಂಬರನ್ನು ನೆನಪಿಸಿಕೊಳ್ಳಿ. ಚಿಕ್ಕಮಗಳೂರಿನ ಹೆಸರು ದೇಶಕ್ಕೆಲ್ಲ ಗೊತ್ತಾದ ಲೋಕಸಭಾ ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿ ನಿಂತರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಪಾಟೀಲರ ಪರ ಪ್ರಚಾರಕ್ಕೆ ಬಂದವರು ಜಾರ್ಜ್ ಫರ್ನಾಂಡಿಸ್, ನಾಲ್ಕೇ ವರ್ಷದ ಹಿಂದೆ, 1974ರ ಮೇ ತಿಂಗಳಲ್ಲಿ, ರೈಲ್ವೆ ಮುಷ್ಕರ ನಡೆಸಿ ದೇಶದ ರೈಲುಗಳನ್ನು ನಿಲ್ಲಿಸಿದ್ದ ಮನುಷ್ಯ. ಆ ಮುಷ್ಕರವನ್ನು ಸರ್ಕಾರಿ ಬಲದಿಂದ ಮುರಿದವರು ಇಂದಿರಾ. ದುಡಿಯುವ ಜನರ ಮತ ಕಾರ್ಮಿಕ ಮುಖಂಡನ ಹಿಂದೆ ಹೋಗುವುದೇ ನಿಜವಾಗಿದ್ದರೆ ಅದು ಹೋಗಬೇಕಿದ್ದದ್ದು ಆ ಸಲವೇ. ಜಾರ್ಜ್ ಅವರಿಗಿಂತ ದೊಡ್ಡ ಕಾರ್ಮಿಕ ಮುಖಂಡ ಈ ಘಟ್ಟ ಹತ್ತಿ ಬಂದದ್ದಿಲ್ಲ. ಇಂದಿರಾ ಗೆದ್ದದ್ದು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ. ಸೋತ ಪಾಟೀಲರೂ ಮುಂದೆ ಇಂದಿರಾ ಪಾಳೆಯವನ್ನೇ ಸೇರಿ ಕೇಂದ್ರದ ಕಾರ್ಮಿಕ ಸಚಿವರಾದರು, 1989ರಲ್ಲಿ ಕಾಂಗ್ರೆಸ್ಸಿನಿಂದ ಮುಖ್ಯಮಂತ್ರಿಯಾದರು. ನಿಷ್ಠೆ ಬದಲಾಯಿಸಿದ್ದು ಸಂಘಗಳು ಎಂದು ಬೈಯುವವರು ಇದನ್ನೂ ಸ್ವಲ್ಪ ನೆನೆಯಲಿ.

ಅದು ಹಳೆಯ ಕಾಲ ಎನ್ನುತ್ತೀರಾ? ನಿಮ್ಮದೇ ಮೂಡಿಗೆರೆಯನ್ನು ನೋಡಿ. ಕಾಫಿ ತೋಟಗಳೇ ತುಂಬಿರುವ, ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಮತ್ತೆ ಬಿಜೆಪಿ, 2023ರಲ್ಲಿ ಕಾಂಗ್ರೆಸ್. ನಾಲ್ಕು ಚುನಾವಣೆ, ಮೂರು ಪಕ್ಷ. ಪಕ್ಕದ ಸಕಲೇಶಪುರದಲ್ಲಿ ಇದಕ್ಕೆ ವಿರುದ್ಧ: ಅಲ್ಲಿಯೂ ಕಾಫಿ, ಅಲ್ಲಿಯೂ ಮೀಸಲು ಕ್ಷೇತ್ರ, ಆದರೆ 2008ರಿಂದ ಮೂರು ಸಲ ಜೆಡಿಎಸ್, 2023ರಲ್ಲಿ ಬಿಜೆಪಿ. ಇಡೀ ಚಿಕ್ಕಮಗಳೂರು ಜಿಲ್ಲೆಯನ್ನು ತೆಗೆದುಕೊಂಡರೆ 2018ರಲ್ಲಿ ಐದರಲ್ಲಿ ನಾಲ್ಕು ಬಿಜೆಪಿಗೆ ಹೋಗಿದ್ದವು, 2023ರಲ್ಲಿ ಐದೂ ಕಾಂಗ್ರೆಸ್ಸಿಗೆ ಬಂದವು. ಈ ವರ್ಷಗಳಲ್ಲೆಲ್ಲ ನನ್ನ ಮೇಜಿನ ಮೇಲೆ ಬೇಡಿಕೆ ಪಟ್ಟಿ ಇಟ್ಟ ಸಂಘಗಳು ಅವೇ ಎರಡು. ಶಾಸಕರು ಬದಲಾದಂತೆ ಚಂದಾ ಪಟ್ಟಿಯ ಹೆಸರುಗಳೇನೂ ಬದಲಾಗಲಿಲ್ಲ. ಸಂಘಗಳು ಅಲ್ಲೇ ನಿಂತಿದ್ದರೂ ಮತ ಓಡಾಡಿತು ಎಂದಮೇಲೆ ಜೇಬಿನ ಮಾತು ಎಲ್ಲಿ ಉಳಿಯಿತು?

ಹಾಗಾದರೆ ಈ ನಂಬಿಕೆ ಎಲ್ಲಿಂದ ಹುಟ್ಟಿತು? ಮತಗಟ್ಟೆವಾರು ಲೆಕ್ಕದಿಂದ ಎನ್ನುವುದು ನನ್ನ ಅಂದಾಜು. ಯಾರು ಯಾರಿಗೆ ಹಾಕಿದರೆಂಬುದು ಗುಟ್ಟು, ಆದರೆ ಯಾವ ಮತಗಟ್ಟೆಯಲ್ಲಿ ಯಾರಿಗೆಷ್ಟು ಎಂಬುದು ಎಣಿಕೆಯಾದ ಮೇಲೆ ಬಹಿರಂಗವಾಗುತ್ತದೆ. ಗೆದ್ದ ಪಕ್ಷಕ್ಕೆ ಶಾಲೆಯ ಮತಗಟ್ಟೆಯಲ್ಲಿ ಇನ್ನೂರು ಮತ ಹೆಚ್ಚಿಗೆ ಬಿದ್ದರೆ ಸಾಕು, ‘ಕೊಡಿಸಿದ್ದು ನಾನು’ ಎಂದು ಮುಖಂಡರು ಆ ಹಾಳೆ ಹಿಡಿದು ಶಾಸಕರ ಮನೆಗೆ ಹೋಗುತ್ತಾರೆ. ಅದೇ ಮತಗಟ್ಟೆಯಲ್ಲಿ ಊರಿನ ಒಕ್ಕಲು ಮನೆಗಳವರು, ಪೇಟೆಯ ಅಂಗಡಿಯವರು ಎಲ್ಲರೂ ಮತ ಹಾಕಿರುತ್ತಾರೆ ಎಂಬುದನ್ನು ಹಾಳೆ ಹೇಳುವುದಿಲ್ಲ. ಕಡಿಮೆ ಬಿದ್ದ ವರ್ಷ ಆ ಹಾಳೆ ಅಂಗಿಯ ಒಳಜೇಬಿನಿಂದ ಹೊರಗೆ ಬರುವುದೇ ಇಲ್ಲ.

ಕಾರ್ಮಿಕರು ಮತವನ್ನು ಹೇಗೆ ನಿರ್ಧರಿಸುತ್ತಾರೆಂದು ನನಗೆ ತಿಳಿದದ್ದು ಕಚೇರಿಯಲ್ಲಲ್ಲ, ಕಾಫಿ ಒಣಗಿಸುವ ಕಣದಲ್ಲಿ. ಹಣ್ಣು ಅಳೆದು ಮುಗಿಸಿ ಚೀಲ ಜೋಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು, ಸಂಘದ ಹಳೆಯ ಸದಸ್ಯೆ, ತಮ್ಮ ಮುಖಂಡರು ಹೇಳಿದ ಅಭ್ಯರ್ಥಿಗೆ ಮತ ಹಾಕುವುದಿಲ್ಲವೆಂದರು. ಯಾಕಮ್ಮ ಎಂದೆ. ‘ಕೂಲಿ ಏರಿಸುವಾಗ ಅವರ ಮಾತು ಕೇಳಿದ್ದೇನೆ ರೈಟರೇ. ಮುಂದಿನ ವರ್ಷ ನನಗೆ ಪೆನ್ಷನ್ನಿನ ವಯಸ್ಸು, ಲೈನ್ ಮನೆ ಬಿಡಬೇಕು. ಸೈಟು ಕೊಡುವವರು ಇವರಲ್ಲವಲ್ಲ’ ಎಂದರು. ಇಡೀ ವಿಷಯ ಇಷ್ಟೇ. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಆಸ್ಪತ್ರೆ, ಶಿಶುವಿಹಾರಗಳನ್ನು ತೋಟದ ಮಾಲೀಕರ ಹೊಣೆ ಮಾಡಿತು. ಆದರೆ ಲೈನ್ ಮನೆ ಕೆಲಸ ಇರುವವರೆಗಿನ ಮನೆ. ನಿವೃತ್ತರಾದ ಮೇಲೆ ನಿವೇಶನ ಬೇಕು, ಹಕ್ಕುಪತ್ರ ಬೇಕು. ಆ ಜಾಗ ಅರಣ್ಯವೋ ಕಂದಾಯವೋ ಎಂಬ ಮಲೆನಾಡಿನ ಮುಗಿಯದ ಜಗಳ ಬೇರೆ. ಅದೆಲ್ಲ ನಡೆಯುವುದು ತಾಲ್ಲೂಕು ಕಚೇರಿಯಲ್ಲಿ, ಶಾಸಕರ ಮನೆ ಬಾಗಿಲಿನಲ್ಲಿ. ಕೂಲಿಯ ಬಾಗಿಲು ಒಂದು, ಮನೆಯ ಬಾಗಿಲು ಇನ್ನೊಂದು. ನಿಮ್ಮ ಮುಖಂಡರು ಶಾಲು ಬದಲಾಯಿಸಿದ್ದೂ ಎರಡನೆಯ ಬಾಗಿಲು ತಟ್ಟುವುದಕ್ಕೇ ಇರಬಹುದು. ಅದನ್ನು ದ್ರೋಹವೆಂದು ನಾನು ಕರೆಯುವುದಿಲ್ಲ, ಆದರೆ ಸದಸ್ಯರ ಸಭೆ ಕರೆದು ಹೇಳದೆ ಮಾಡಿದ್ದರೆ ಅದು ಕೆಟ್ಟ ನಡತೆ.

ತೋಟದ ಸಂಘಗಳು ಸಂಯೋಜಿತವಾಗುವ ದೇಶಮಟ್ಟದ ಕೇಂದ್ರ ಸಂಘಟನೆಗಳಾದರೂ ಪಕ್ಷದ ಬಾಲಗಳೆ ಎಂದರೆ, ಅದೂ ಅಷ್ಟು ಸರಳವಿಲ್ಲ. 1920ರಲ್ಲಿ ಎಐಟಿಯುಸಿ (ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್) ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರು ಲಾಲಾ ಲಜಪತ್ ರಾಯ್. ಮುಂದೆ ನೆಹರೂ, ಸುಭಾಷರೂ ಆ ಕುರ್ಚಿಯಲ್ಲಿ ಕುಳಿತರು. ಅದರಲ್ಲಿ ಕಮ್ಯುನಿಸ್ಟರ ಕೈ ಮೇಲಾದಾಗ, 1947ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿಗರು ಐಎನ್‌ಟಿಯುಸಿ ಕಟ್ಟಿಕೊಂಡರು. ಕಮ್ಯುನಿಸ್ಟ್ ಪಕ್ಷ ಒಡೆದದ್ದು 1964ರಲ್ಲಿ, ಅವರ ಎಐಟಿಯುಸಿ ಒಡೆದು ಸಿಐಟಿಯು ಆದದ್ದು 1970ರಲ್ಲಿ. ಪಕ್ಷ ಬೇರೆಯಾದ ಮೇಲೂ ಆರು ವರ್ಷ ಒಂದೇ ಸಂಘದಲ್ಲಿ ಇದ್ದರು. 1948ರಲ್ಲಿ ಸಮಾಜವಾದಿಗಳು ಕಟ್ಟಿದ ಎಚ್‌ಎಂಎಸ್ (ಹಿಂದ್ ಮಜ್ದೂರ್ ಸಭಾ) ಇಂದಿಗೂ ಇದೆ, ಅವರ ಆ ಪಕ್ಷವನ್ನು ಮಾತ್ರ ಹುಡುಕಿ ತೋರಿಸಿ ನೋಡೋಣ. ಬಿಎಂಎಸ್ (ಭಾರತೀಯ ಮಜ್ದೂರ್ ಸಂಘ) ಬಿಜೆಪಿಯ ಕೂಸು ಎನ್ನುವವರಿಗೆ ಒಂದು ಲೆಕ್ಕ: ದತ್ತೋಪಂತ ಠೇಂಗಡಿಯವರು ಅದನ್ನು ಕಟ್ಟಿದ್ದು 1955ರಲ್ಲಿ, ಬಿಜೆಪಿ ಹುಟ್ಟಿದ್ದು 1980ರಲ್ಲಿ. ಇಪ್ಪತ್ತೈದು ವರ್ಷ ಹಿರಿಯ ಕೂಸು! ಇಬ್ಬರ ಬೇರು ಒಂದೇ ಎನ್ನಿ, ಒಪ್ಪುತ್ತೇನೆ. 2013ರ ಫೆಬ್ರವರಿಯಲ್ಲಿ ಎರಡು ದಿನ ದೇಶವ್ಯಾಪಿ ಮುಷ್ಕರ ನಡೆದಾಗ ದೆಹಲಿಯಲ್ಲಿದ್ದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ. ಬೀದಿಗಿಳಿದವರಲ್ಲಿ ಐಎನ್‌ಟಿಯುಸಿಯೂ ಇತ್ತು, ಬಿಎಂಎಸ್ ಕೂಡ ಇತ್ತು. 2015ರ ಸೆಪ್ಟೆಂಬರಿನ ಮುಷ್ಕರದ ಹೊತ್ತಿಗೆ ಸರ್ಕಾರ ಬದಲಾಗಿತ್ತು, ಬಿಎಂಎಸ್ ಹಿಂದೆ ಸರಿಯಿತು. ನಂಟು ಇದೆ, ಆದರೆ ಅದು ಜಗಳವೂ ಆಗುವ ನಂಟು. ಮಲೆನಾಡಿನಲ್ಲಿ ಅಣ್ಣತಮ್ಮಂದಿರ ತೋಟದ ಬೇಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ, ಯಾರೂ ಕೇಳುವುದಿಲ್ಲವೆಂಬುದೇ ನನ್ನ ಸಂಕಟ. ಈಗ ಕೊಯ್ಲಿಗೆ ತೋಟದಲ್ಲಿ ಅಸ್ಸಾಮಿನವರು, ಬಂಗಾಳದವರು, ಜಾರ್ಖಂಡಿನವರು ತುಂಬಿದ್ದಾರೆ. ನಾನು ಬಿಡುವ ಹೊತ್ತಿಗೆ ಒಂದು ಲೈನಿನಲ್ಲಿ ಕನ್ನಡ, ತುಳು, ತಮಿಳಿಗಿಂತ ಆ ಭಾಷೆಗಳೇ ಹೆಚ್ಚು ಕೇಳುತ್ತಿದ್ದವು. ಅವರು ಯಾವ ಸಂಘ? ನಾನು ಕಂಡಂತೆ, ಯಾವುದೂ ಅಲ್ಲ. ಅವರ ಮತ ಇಲ್ಲಿಲ್ಲ, ಆದ್ದರಿಂದ ಶಾಲು ಹೊದ್ದ ಮುಖಂಡರಿಗೆ ಆ ಲೈನು ಕಣ್ಣಿಗೆ ಬೀಳುವುದಿಲ್ಲ. ಸಂಘ ಪಕ್ಷಕ್ಕೆ ಅಂಟಿಕೊಂಡರೆ ಆಗುವ ನಿಜವಾದ ನಷ್ಟ ಇದು. ಸದಸ್ಯರ ಮತ ಅದರಿಂದ ಎಲ್ಲಿಗೂ ಹೋಗುವುದಿಲ್ಲ, ಮತವಿಲ್ಲದ ಕೆಲಸಗಾರ ಸಂಘದಿಂದ ಹೊರಗೇ ಉಳಿಯುತ್ತಾನೆ.

ಆದರೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಆ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಒಂದು ತಿರುವಿದೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಮಾಲೀಕರ ಜೊತೆ ಮಾತುಕತೆಗೆ ಕೂರುವ ಏಕೈಕ ಸಂಘ ಎನಿಸಿಕೊಳ್ಳಲು ಹಾಜರಿ ಪುಸ್ತಕದಲ್ಲಿರುವ ಕೆಲಸಗಾರರಲ್ಲಿ ಶೇಕಡ 51 ಮಂದಿಯ ಬೆಂಬಲ ಬೇಕು. ಯಾರಿಗೂ ಅಷ್ಟು ಇಲ್ಲದಿದ್ದರೆ, ಕನಿಷ್ಠ ಶೇಕಡ 20 ಇರುವ ಸಂಘಗಳು ಸೇರಿ ಮಾತುಕತೆಯ ಮಂಡಳಿಯಾಗುತ್ತವೆ. ಎಣಿಕೆ ಹಾಜರಿ ಪುಸ್ತಕದ್ದು, ಮತದಾರರ ಪಟ್ಟಿಯದ್ದಲ್ಲ. ಅಸ್ಸಾಮಿನಿಂದ ಬಂದ ಹುಡುಗನ ಹೆಸರು ಎರಡನೆಯದರಲ್ಲಿ ಇಲ್ಲ, ರೈಟರ್ ನೆಟ್ಟಗೆ ಬರೆದಿದ್ದರೆ ಮೊದಲನೆಯದರಲ್ಲಿ ಇರುತ್ತದೆ. ಮುಂದಿನ ಸಭೆಯಲ್ಲಿ ಶಾಲಿನ ವಿಷಯ ಬಿಟ್ಟು ಮುಖಂಡರನ್ನು ಇದನ್ನೇ ಕೇಳಿ: ರಸೀದಿ ಪುಸ್ತಕ ಹಿಡಿದು ಆ ಲೈನಿಗೆ ಯಾವಾಗ ಹೋಗುತ್ತೀರಿ? ಹೋಗುವಾಗ ಅವರ ಭಾಷೆ ಬಲ್ಲವರೊಬ್ಬರನ್ನೂ ಕರೆದುಕೊಂಡು ಹೋಗಲಿ.