ಹೊರಗೋಡೆಯ ಹಳೇ ಬಣ್ಣವನ್ನು ಪೂರ್ತಿ ಕೆರೆಸಲೇಬೇಕೇ?

ಪ್ರಶ್ನೆ: ನಮ್ಮ ಮನೆಯ ಹೊರಗೋಡೆಯಲ್ಲಿ ಬಣ್ಣ ಅಲ್ಲಲ್ಲಿ ಚಕ್ಕೆ ಏಳುತ್ತಿದೆ. ಒಬ್ಬ ಪೇಂಟರ್ ಎಲ್ಲವನ್ನೂ ಕೆರೆದು ತೆಗೆಯಲೇಬೇಕು ಅನ್ನುತ್ತಾರೆ, ಇನ್ನೊಬ್ಬರು ತೊಳೆದು ಮೇಲೆ ಎರಡು ಕೋಟ್ ಕೊಟ್ಟರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ, ಗೋಡೆಯನ್ನೇ ಕೇಳಿ. ಹೊಸ ಬಣ್ಣ ಅಂಟಿಕೊಳ್ಳುವುದು ಹಳೇ ಬಣ್ಣಕ್ಕೆ. ಹಳೆಯದು ಗೋಡೆಯನ್ನು ಬಿಟ್ಟರೆ ಅದರ ಮೇಲಿನದು ಎಷ್ಟೇ ದುಬಾರಿಯದಾದರೂ ಜೊತೆಗೇ ಉದುರುತ್ತದೆ. ಹಾಗಂತ ಗಟ್ಟಿಯಾಗಿ ಕೂತಿರುವ ಪದರವನ್ನು ಕೆರೆಸುವುದು ಕೂಲಿ ದಂಡ, ಪ್ಲಾಸ್ಟರ್‌ಗೂ ಪೆಟ್ಟು.

ಮೊದಲು ಒಣ ಅಂಗೈಯಿಂದ ಗೋಡೆಯನ್ನು ಉಜ್ಜಿ. ಕೈಗೆ ಪುಡಿ ಮೆತ್ತಿಕೊಂಡರೆ ಬಿಸಿಲಿಗೆ ಬಣ್ಣದ ಅಂಟು ಸತ್ತಿದೆ ಎಂದರ್ಥ. ಆಮೇಲೆ ಗಟ್ಟಿ ಕಾಣುವ ಜಾಗದಲ್ಲಿ ಬ್ಲೇಡಿನಿಂದ ಗುಣಾಕಾರದ ಗುರುತಿನ ಹಾಗೆ ಗೀರಿ, ಅದರ ಮೇಲೆ ಒಳ್ಳೆಯ ಟೇಪ್ ಒತ್ತಿ ಅಂಟಿಸಿ ಒಮ್ಮೆಗೇ ಎಳೆಯಿರಿ. ಟೇಪಿನ ಜೊತೆ ಬಣ್ಣ ಬಂದರೆ ಆ ಭಾಗ ಹೋಗಲೇಬೇಕು. ಬರದಿದ್ದರೆ ತೊಳೆದು, ಹೊಳಪಿದ್ದಲ್ಲಿ ಸ್ಯಾಂಡ್‌ಪೇಪರ್ ಆಡಿಸಿದರೆ ಸಾಕು. ನಾಲ್ಕೂ ದಿಕ್ಕಿನ ಗೋಡೆಗಳಲ್ಲಿ ನೋಡಿ. ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಕಥೆಯೇ ಬೇರೆ, ಸದಾ ನೆರಳಲ್ಲಿರುವುದರ ಕಥೆಯೇ ಬೇರೆ. ಕೆಳಗಿರುವುದು ಸುಣ್ಣವಾಗಿದ್ದರೆ ಮಾತ್ರ ಮೊದಲ ಪೇಂಟರ್ ಹೇಳಿದ್ದೇ ಸರಿ. ಸುಣ್ಣದ ಪದರದ ಮೇಲೆ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಈಗಿನ ಬಣ್ಣ) ನಿಲ್ಲುವುದಿಲ್ಲ, ಹಾಳೆ ಹಾಳೆಯಾಗಿ ಸುಲಿದು ಬರುತ್ತದೆ.

ಇಷ್ಟಕ್ಕೂ ಚಕ್ಕೆ ಎದ್ದದ್ದು ಏಕೆ? ನನ್ನನ್ನು ಕೇಳಿದರೆ ಬಹುಪಾಲು ನೀರಿನ ಕೆಲಸ. ಸೋರುವ ಪೈಪು, ಪ್ಯಾರಪೆಟ್ ಮೇಲಿನ ಬಿರುಕು, ನೀರು ನಿಲ್ಲುವ ಸಜ್ಜಾ, ಗೋಡೆಗೆ ಒರಗಿಸಿ ಏರಿಸಿದ ಹೂದೋಟದ ಮಣ್ಣು. ಒಳಗೆ ಇಳಿದ ನೀರು ಸಿಮೆಂಟು ಇಟ್ಟಿಗೆಗಳಲ್ಲಿರುವ ಲವಣವನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ, ಆವಿಯಾಗುವಾಗ ಲವಣವನ್ನು ಬಣ್ಣದ ಹಿಂದೆ ಬಿಟ್ಟುಹೋಗುತ್ತದೆ. ಅದು ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ನೀರಿನ ದಾರಿ ಮುಚ್ಚದೆ ಎಷ್ಟು ಸಲ ಬಣ್ಣ ಹೊಡೆಸಿದರೂ ಅದೇ ಜಾಗ, ಅದೇ ಗುಳ್ಳೆ. ಅನುಮಾನವಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಒಂದು ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ 24 ಗಂಟೆ ಬಿಡಿ. ಒಳಮುಖದಲ್ಲಿ ನೀರಿನ ಹನಿ ಕಂಡರೆ ಬಣ್ಣದ ಡಬ್ಬಿ ತೆರೆಯುವ ಹೊತ್ತು ಇನ್ನೂ ಬಂದಿಲ್ಲ.

ಬಿಳಿ ಲವಣ ಕಂಡಲ್ಲಿ ತಕ್ಷಣ ನೀರು ಹಾಕಬೇಡಿ. ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಮೊದಲು ಒಣಗಿರುವಾಗಲೇ ಗಡಸು ಬ್ರಷ್‌ನಿಂದ ಉಜ್ಜಿ ಗುಡಿಸಿ ತೆಗೆಯಿರಿ. ಪಾಚಿ, ಬೂಸ್ಟುಗಳಿಗೆ ಬೇರೆ ಉಪಚಾರ. ಬರೀ ನೀರಿನಲ್ಲಿ ತೊಳೆದರೆ ಕಪ್ಪು ಹೋಗುತ್ತದೆ, ಬೇರು ಉಳಿಯುತ್ತದೆ. ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಮೂರು ಪಾಲು ನೀರು ಬೆರೆಸಿ ಬಳಿದು, ಹದಿನೈದು ನಿಮಿಷ ಬಿಟ್ಟು, ಉಜ್ಜಿ ಚೆನ್ನಾಗಿ ತೊಳೆಯಿರಿ. ಕೈಗವಸು, ಕನ್ನಡಕ ಬೇಕು. ಬ್ಲೀಚಿಗೆ ಆಸಿಡ್ಡನ್ನಾಗಲಿ ಟಾಯ್ಲೆಟ್ ಕ್ಲೀನರನ್ನಾಗಲಿ ಸೇರಿಸಲೇಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಪ್ರೆಷರ್ ವಾಷರ್ ಇದ್ದರೆ ನಳಿಕೆಯನ್ನು ತೀರಾ ಹತ್ತಿರ ಹಿಡಿಯಬೇಡಿ, ಕಿಟಕಿಯ ಸಂದು ಮತ್ತು ಬಿರುಕುಗಳ ಕಡೆಗಂತೂ ತಿರುಗಿಸಲೇಬೇಡಿ.

ಮನೆ ತುಂಬ ಹಳೆಯದಾದರೆ ಹಳೇ ಪದರಗಳಲ್ಲಿ ಸೀಸ ಇರಬಹುದು. ಅಂಥ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸುವುದು, ಸುಟ್ಟು ತೆಗೆಯುವುದು ಎರಡೂ ಅಪಾಯ. ಮೊದಲು ಪರೀಕ್ಷೆ ಮಾಡಿಸಿ. ಮಕ್ಕಳಿರುವ ಮನೆಯಲ್ಲಿ ಈ ವಿಷಯದಲ್ಲಿ ಉದಾಸೀನ ಸಲ್ಲದು.

ಕೂದಲೆಳೆಯಂಥ ಬಿರುಕಿಗೆ ಹೊರಗೋಡೆಯ ಫಿಲ್ಲರ್ ತುಂಬಿದರಾಯಿತು. ಅಗಲವಾದದ್ದನ್ನು ಸ್ವಲ್ಪ ಬಿಡಿಸಿ, ಧೂಳು ತೆಗೆದು ತುಂಬಬೇಕು. ತುಂಬಿದ ಮೇಲೂ ಮತ್ತೆ ಮತ್ತೆ ಬಾಯಿ ಬಿಡುವ ಬಿರುಕನ್ನು ಪೇಂಟರ್‌ಗಲ್ಲ, ಎಂಜಿನಿಯರ್‌ಗೆ ತೋರಿಸಿ. ಒಳಗೋಡೆಗೆಂದು ತಂದು ಮಿಕ್ಕ ಪುಟ್ಟಿಯನ್ನು ಹೊರಗೆ ಖರ್ಚು ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ, ಮಳೆಗೆ ಮೆತ್ತಗಾಗಿ ಬಿಟ್ಟುಬರುತ್ತದೆ. ಹೊಸದಾಗಿ ಗಾರೆ ಹಾಕಿಸಿದ ಜಾಗವನ್ನು ಸಾಮಾನ್ಯವಾಗಿ 28 ದಿನ ಮಾಗಲು ಬಿಡುತ್ತಾರೆ. ಹಸಿ ಗಾರೆಯ ಕ್ಷಾರ ಬಣ್ಣವನ್ನು ಕೆಡಿಸುತ್ತದೆ.

ತೊಳೆದ ಗೋಡೆ ಮೇಲ್ನೋಟಕ್ಕೆ ಬೇಗ ಒಣಗಿದಂತೆ ಕಂಡರೂ ಎರಡು ಮೂರು ಒಣ ದಿನ ಕೊಡಿ. ಆಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳದ ಕೋಟ್: ಬರಿಯ ಗಾರೆ ಕಾಣುವಲ್ಲೆಲ್ಲ, ಫಿಲ್ಲರ್ ತುಂಬಿದಲ್ಲೆಲ್ಲ. ಪುಡಿ ಬಿಡುತ್ತಿದ್ದ ಗೋಡೆಗೆ ಒಳಕ್ಕೆ ಇಳಿದು ಕಟ್ಟಿಹಿಡಿಯುವ ಜಾತಿಯ ಪ್ರೈಮರನ್ನೇ ಕೇಳಿ ತನ್ನಿ. ಸುಡು ಬಿಸಿಲಿನಲ್ಲಿ ಕಾದ ಗೋಡೆಗೆ ಹಚ್ಚಬೇಡಿ, ನೆರಳು ತಿರುಗಿದ ಕಡೆಯಿಂದ ಕೆಲಸ ಸಾಗಲಿ. ಪ್ರೈಮರ್ ಹೊಡೆದು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದೂ ಬಿಸಿಲಿಗೆ ಪುಡಿಯಾಗುತ್ತದೆ. ಹಾಗಾಗಿ ಬಣ್ಣಕ್ಕೆ ದುಡ್ಡು ಹೊಂದಿಸಿಕೊಂಡೇ ಪ್ರೈಮರ್‌ಗೆ ಕೈ ಹಾಕಿ.