ತಂತಿಯಲ್ಲಿ ಬರುವ ಡ್ರೈವರ್

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. 30 ಸಿಸ್ಟಮ್‌ಗಳು, ಒಂದಕ್ಕೂ ಹಾರ್ಡ್ ಡಿಸ್ಕ್ ಇಲ್ಲ. ಮೂಲೆಯಲ್ಲಿದ್ದ ಸರ್ವರ್‌ನ ಒಂದು ಫೋಲ್ಡರನ್ನೇ ತಮ್ಮ ಡಿಸ್ಕ್ ಅಂದುಕೊಂಡು ಎಲ್ಲವೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡಿಸುತ್ತಿದ್ದವು. ಒಂದು ಬೆಳಿಗ್ಗೆ ಹುಡುಗಿಯೊಬ್ಬಳು ಬಂದು, "ಸರ್, ಪೆನ್‌ಡ್ರೈವ್ ತಗೊಳ್ತಾ ಇಲ್ಲ" ಎಂದಳು. ಪಕ್ಕದ ಸಿಸ್ಟಮ್‌ಗೆ ಚುಚ್ಚಿದೆ, ತೆರೆದುಕೊಂಡಿತು. ಅದರಾಚೆಯದಕ್ಕೆ ಚುಚ್ಚಿದೆ, ಸುಮ್ಮನಿತ್ತು. ಅದೇ ಪೆನ್‌ಡ್ರೈವ್, ಅದೇ ಮಾದರಿಯ ಸಿಸ್ಟಮ್, ಅದೇ ಸರ್ವರ್. ಆ ಒಗಟು ಬಿಡಿಸಲು ಮಧ್ಯಾಹ್ನದವರೆಗೂ ಹಿಡಿಯಿತು.

ಆಪರೇಟಿಂಗ್ ಸಿಸ್ಟಮ್‌ನ ತಿರುಳೇ ಕರ್ನಲ್. ಮೆಮೊರಿ, ಪ್ರೊಸೆಸರ್, ಹಾರ್ಡ್‌ವೇರ್ ಎಲ್ಲವೂ ಅದರ ಹಿಡಿತದಲ್ಲಿರುತ್ತವೆ. ಆದರೆ ಲೋಕದಲ್ಲಿರುವ ಪ್ರತಿಯೊಂದು ಕಾರ್ಡು, ಕ್ಯಾಮೆರಾ, ಪ್ರಿಂಟರ್ ಜೊತೆ ಹೇಗೆ ಮಾತಾಡಬೇಕು ಅನ್ನೋದನ್ನೆಲ್ಲ ಕರ್ನಲ್ ಹೊತ್ತುಕೊಂಡು ತಿರುಗುವುದಿಲ್ಲ. ಆ ತಿಳಿವಳಿಕೆ ಡ್ರೈವರ್ ಎಂಬ ಬೇರೆ ಬೇರೆ ಫೈಲ್‌ಗಳಲ್ಲಿರುತ್ತದೆ. ಲಿನಕ್ಸ್‌ನಲ್ಲಿ ಇವನ್ನು ಮಾಡ್ಯೂಲ್ ಅನ್ನುತ್ತಾರೆ. ಬೇಕಾದಾಗ ಡಿಸ್ಕ್‌ನಿಂದ ಎತ್ತಿಕೊಂಡು ಕರ್ನಲ್ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಒಮ್ಮೆ ಸೇರಿತೆಂದರೆ ಅದು ಕರ್ನಲ್‌ನದೇ ಭಾಗ, ಕರ್ನಲ್‌ಗಿರುವ ಅಧಿಕಾರವೆಲ್ಲ ಅದಕ್ಕೂ ಇರುತ್ತದೆ.

ಆ ಫೈಲ್‌ಗಳು ನೆಟ್‌ವರ್ಕ್‌ನಾಚೆ ಇದ್ದರೆ? ಸರ್ವರನ್ನು ತಲುಪಲು ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಬೇಕು. ಆ ಡ್ರೈವರ್ ಇರುವುದೇ ಸರ್ವರ್‌ನಲ್ಲಿ. ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು, ಅಲ್ವಾ?

ಈ ಫಜೀತಿ ಹಳೆಯದು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ತಂದಿತು. ದೂರದ ಸರ್ವರ್‌ನ ಫೋಲ್ಡರನ್ನು ಸ್ವಂತ ಡಿಸ್ಕ್‌ನಂತೆ ಬಳಸುವ ವ್ಯವಸ್ಥೆ ಅದು. ಆಗ ಡಿಸ್ಕ್ ದುಬಾರಿ. ಹಾಗಾಗಿ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನೂ ಸನ್ ಮಾರುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಓಡುತ್ತಿದ್ದದ್ದೂ ಎನ್‌ಎಫ್‌ಎಸ್ಸೇ.

ಬೀಗದ ಕೈಯ ಸಮಸ್ಯೆ ಹಂತಹಂತವಾಗಿ ಬಗೆಹರಿಯುತ್ತದೆ. ನೆಟ್‌ವರ್ಕ್ ಕಾರ್ಡಿನ ಚಿಪ್‌ನಲ್ಲೇ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ, ಹೆಸರು ಪಿಎಕ್ಸ್‌ಇ. ಪವರ್ ಬಟನ್ ಒತ್ತಿದ ಕೂಡಲೇ ಅದು "ನನ್ನ ವಿಳಾಸ ಏನು, ಯಾವ ಫೈಲ್ ತರಬೇಕು?" ಎಂದು ನೆಟ್‌ವರ್ಕ್ ತುಂಬಾ ಕೂಗಿ ಕೇಳುತ್ತದೆ. ಉತ್ತರ ಬಂದಮೇಲೆ ಟಿಎಫ್‌ಟಿಪಿ ಎಂಬ ತುಂಬಾ ಸರಳ ವಿಧಾನದಲ್ಲಿ ಫೈಲ್ ತರಿಸಿಕೊಳ್ಳುತ್ತದೆ. 512 ಬೈಟ್ ಬರುತ್ತದೆ, "ಬಂತು" ಅನ್ನುತ್ತದೆ, ಮುಂದಿನ 512 ಬರುತ್ತದೆ. ತುಣುಕಿನ ಸಂಖ್ಯೆ ಬರೆಯಲು 16 ಬಿಟ್ ಮಾತ್ರ ಇರುವುದರಿಂದ ಎಣಿಕೆ 65,535ಕ್ಕೆ ಮುಗಿಯುತ್ತದೆ. ಅಂದರೆ ಮೂಲ ಟಿಎಫ್‌ಟಿಪಿಯಲ್ಲಿ ಸುಮಾರು 32 ಎಂಬಿಗಿಂತ ದೊಡ್ಡ ಫೈಲ್ ಸಾಗದು. ತುಣುಕನ್ನು ದೊಡ್ಡದು ಮಾಡುವ ಸೌಲಭ್ಯ ಆಮೇಲೆ ಸೇರಿತು.

ಹೀಗೆ ಬರುವುದು ಎರಡು ಫೈಲ್: ಕರ್ನಲ್ ಮತ್ತು ಅದರ ಬುತ್ತಿಗಂಟು. ಬುತ್ತಿಗಂಟು ಅಂತ ನಾನು ಕರೆಯುವುದು ಇನಿಟ್‌ರಾಮ್‌ಎಫ್‌ಎಸ್ ಎಂಬ ಕಟ್ಟನ್ನು. ಸರ್ವರ್‌ವರೆಗಿನ ದಾರಿಗೆ ಬೇಕಾದಷ್ಟು ಮಾಡ್ಯೂಲ್‌ಗಳು ಅದರಲ್ಲಿರುತ್ತವೆ: ನೆಟ್‌ವರ್ಕ್ ಕಾರ್ಡಿನದು, ಎನ್‌ಎಫ್‌ಎಸ್‌ನದು, ಇನ್ನು ಕೆಲವು. ಕರ್ನಲ್ ಇವನ್ನು ಹಾಕಿಕೊಂಡು ಸರ್ವರ್‌ನ ಫೋಲ್ಡರ್ ಹಿಡಿಯುತ್ತದೆ. ಅಲ್ಲಿಂದಾಚೆ ಸೌಂಡ್ ಕಾರ್ಡಿನ ಡ್ರೈವರ್, ಪೆನ್‌ಡ್ರೈವ್‌ನ ಡ್ರೈವರ್ ಎಲ್ಲವೂ ತಂತಿಯ ಮೂಲಕವೇ ಬರುತ್ತವೆ.

ನಮ್ಮ ಒಗಟು ಬಿಚ್ಚಿಕೊಂಡದ್ದು ಇಲ್ಲೇ. ಸಾಮಾನ್ಯ ಪ್ರೋಗ್ರಾಂ ಓಡುತ್ತಿರುವಾಗಲೂ ಅದರ ತುಣುಕುಗಳು ಬೇಕಾದ ಹಾಗೆ ಫೈಲ್‌ನಿಂದ ಬರುತ್ತಿರುತ್ತವೆ. ನೆಟ್‌ವರ್ಕ್ ಕೇಬಲ್ ಕಿತ್ತರೆ ಸ್ವಲ್ಪ ಹೊತ್ತಿಗೆ ಅದು ಕಲ್ಲಿನಂತೆ ನಿಂತುಬಿಡುತ್ತದೆ. ಮಾಡ್ಯೂಲ್ ಹಾಗಲ್ಲ. ಅದನ್ನು ಕರ್ನಲ್ ಒಂದೇ ಸಲಕ್ಕೆ ಇಡಿಯಾಗಿ ಮೆಮೊರಿಗೆ ತೆಗೆದುಕೊಳ್ಳುತ್ತದೆ. ಮತ್ತೆ ಆ ಫೈಲಿನ ಹಂಗಿಲ್ಲ. ಸರ್ವರ್‌ನಲ್ಲಿ ಅದನ್ನು ಅಳಿಸಿದರೂ ಡ್ರೈವರ್ ಓಡುತ್ತಲೇ ಇರುತ್ತದೆ.

ಹಿಂದಿನ ಸಂಜೆ ಆಗಿದ್ದೂ ಅದೇ. ಸರ್ವರ್‌ನ ಫೋಲ್ಡರ್‌ಗೆ ಹೊಸ ಕರ್ನಲ್ ಹಾಕಿ, ಜಾಗ ಉಳಿಯಲಿ ಅಂತ ಹಳೆಯ ಕರ್ನಲ್‌ನ ಮಾಡ್ಯೂಲ್‌ಗಳನ್ನು ಅಳಿಸಿದ್ದೆವು. ರಾತ್ರಿಯಿಡೀ ಆನ್ ಇದ್ದ ಸಿಸ್ಟಮ್‌ಗಳು ಇನ್ನೂ ಹಳೆಯ ಕರ್ನಲ್‌ನಲ್ಲೇ ಇದ್ದವು. ಅವುಗಳಲ್ಲಿ ಹಿಂದಿನ ದಿನ ಯಾರಾದರೂ ಪೆನ್‌ಡ್ರೈವ್ ಚುಚ್ಚಿದ್ದರೆ ಡ್ರೈವರ್ ಆಗಲೇ ಮೆಮೊರಿಯಲ್ಲಿತ್ತು, ತೊಂದರೆಯಿಲ್ಲ. ಚುಚ್ಚದಿದ್ದ ಸಿಸ್ಟಮ್ ಹಳೆಯ ಫೋಲ್ಡರನ್ನು ಹುಡುಕಿ ಬರಿಗೈಯಲ್ಲಿ ವಾಪಸ್ ಬರುತ್ತಿತ್ತು. ಹೊಸ ಕರ್ನಲ್‌ನ ಮಾಡ್ಯೂಲ್ ಕೊಡಬಹುದಲ್ಲ ಅಂದರೆ ಅದೂ ಆಗದು. ಪ್ರತಿ ಮಾಡ್ಯೂಲ್‌ನಲ್ಲೂ ಅದು ಯಾವ ಕರ್ನಲ್‌ಗಾಗಿ ತಯಾರಾದದ್ದು ಎಂದು ಬರೆದಿರುತ್ತದೆ, ತಾಳೆಯಾಗದಿದ್ದರೆ ಕರ್ನಲ್ ಬಾಗಿಲಲ್ಲೇ ತಡೆಯುತ್ತದೆ. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಕರ್ನಲ್‌ನ ಒಳಗಿನ ಜೋಡಣೆ ಬದಲಾಗಿರುತ್ತದೆ, ಹಾಗಾಗಿ ಈ ಕಟ್ಟುನಿಟ್ಟು ಸರಿಯೇ.

ಸಿಸ್ಟಮ್‌ಗಳನ್ನು ರೀಸ್ಟಾರ್ಟ್ ಮಾಡಿದೆವು, ಸರಿಹೋಯಿತು. ಆದರೆ ನನ್ನ ತಲೆಯಲ್ಲಿ ಬೇರೆ ಹುಳ ಹೊಕ್ಕಿತ್ತು. ಸರ್ವರ್‌ನಲ್ಲಿ ಒಂದು ಫೈಲ್ ಬದಲಾದರೆ 30 ಕರ್ನಲ್‌ಗಳ ಹೊಟ್ಟೆಗೆ ಅದು ಹೋಗುತ್ತದಲ್ಲ? ಎನ್‌ಎಫ್‌ಎಸ್ ಅನ್ನು ಸುಮ್ನೆ ಹಾಕಿಕೊಂಡರೆ ಫೈಲ್‌ಗಳು ತಂತಿಯ ಮೇಲೆ ತೆರೆದಂತೆಯೇ ಹರಿಯುತ್ತವೆ. ನಡುವೆ ಕುಳಿತವನು ತಿದ್ದಲೂಬಹುದು.

ಇದು ಬರೀ ನನ್ನ ಅಂಜಿಕೆಯಲ್ಲ. 2021ರಲ್ಲಿ ವಿಂಡೋಸ್‌ನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೋಷ ಬಯಲಾಯಿತು. ಸಾಮಾನ್ಯ ಬಳಕೆದಾರ ಕೂಡ ನೆಟ್‌ವರ್ಕ್ ಶೇರ್‌ನಲ್ಲಿಟ್ಟ ಫೈಲ್ ತೋರಿಸಿ "ಇದು ಪ್ರಿಂಟರ್ ಡ್ರೈವರ್" ಅಂದರೆ, ಪ್ರಿಂಟಿಂಗ್ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಎಂಬ ಪ್ರೋಗ್ರಾಂ ಅದನ್ನು ಪೂರ್ತಿ ಅಧಿಕಾರದೊಂದಿಗೆ ಓಡಿಸಿಬಿಡುತ್ತಿತ್ತು. ಕರ್ನಲ್ ಡ್ರೈವರ್ ಅಲ್ಲದಿದ್ದರೂ ಸಿಸ್ಟಮ್ ಕೈತಪ್ಪಿ ಹೋಗಲು ಅಷ್ಟು ಸಾಕಾಗಿತ್ತು.

ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ಒಂದು, ಫೈಲ್ ಎಲ್ಲಿಂದ ಬಂತು ಅಂತ ನೋಡುವುದು. ಲಿನಕ್ಸ್‌ನಲ್ಲಿ 2016ರಲ್ಲಿ ಸೇರಿದ ಲೋಡ್‌ಪಿನ್ ಹೀಗೆ ಮಾಡುತ್ತದೆ. ಮೊದಲ ಮಾಡ್ಯೂಲ್ ಯಾವ ಫೈಲ್ ಸಿಸ್ಟಮ್‌ನಿಂದ ಬಂತೋ ಉಳಿದವೂ ಅಲ್ಲಿಂದಲೇ ಬರಬೇಕು. ಕ್ರೋಮ್‌ಬುಕ್‌ನಂತೆ ತಿದ್ದಲಾಗದ ಡಿಸ್ಕ್ ಇರುವಲ್ಲಿ ಇದು ಚೆನ್ನ, ನಮ್ಮಂಥ ಲ್ಯಾಬಿಗೆ ಉಪಯೋಗವಿಲ್ಲ. ಇನ್ನೊಂದು, ಯಾರು ಕೊಟ್ಟದ್ದು ಅಂತ ನೋಡುವುದು. ಮಾಡ್ಯೂಲ್ ತಯಾರಿಸಿದವರು ಫೈಲಿನ ಬಾಲಕ್ಕೆ ಡಿಜಿಟಲ್ ಸಹಿ ಅಂಟಿಸಿರುತ್ತಾರೆ, ಅದನ್ನು ಪರೀಕ್ಷಿಸುವ ಕೀ ಕರ್ನಲ್‌ನಲ್ಲೇ ಇರುತ್ತದೆ. ಆಮೇಲೆ ಫೈಲ್ ಯಾವ ದಾರಿಯಲ್ಲಿ ಬಂದರೂ ಚಿಂತೆಯಿಲ್ಲ. ಆದರೆ ಸಹಿ ಹಾಕುವ ಕೀಯೇ ಕಳುವಾದರೆ ಕಷ್ಟ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶದ ಡ್ರೈವರ್‌ಗಳ ಮೇಲೆ ಇದ್ದದ್ದು ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಅಸಲಿ ಸಹಿ.

ನಾನೇ ಪರೀಕ್ಷೆ ಮಾಡಿ ನೋಡಿದೆ. ಒಂದು ಮಾಡ್ಯೂಲ್‌ನ ನಕಲು ತೆಗೆದು ನಡುವೆ ಒಂದೇ ಒಂದು ಬೈಟ್ ಬದಲಿಸಿದೆ. ಕರ್ನಲ್ ತೆಗೆದುಕೊಳ್ಳಲಿಲ್ಲ, "ಕೀ ವಾಸ್ ರಿಜೆಕ್ಟೆಡ್" ಎಂಬ ಸಾಲು ಬಂತು. ಇನ್ನೊಂದು ನಕಲಿನಿಂದ ಸಹಿಯ ಬಾಲವನ್ನೇ ಕತ್ತರಿಸಿದೆ. ಅದನ್ನು ತೆಗೆದುಕೊಂಡುಬಿಟ್ಟಿತು! ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲು, ಅಷ್ಟೇ. ಸಹಿ ಕಡ್ಡಾಯ ಎಂಬ ಆಯ್ಕೆಯನ್ನು ಬೂಟ್ ಸಾಲಿಗೆ, ಅಂದರೆ ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲಿಗೆ ಸೇರಿಸಿ ಮತ್ತೆ ನೋಡಿದೆ. ಈ ಸಲ ಅದನ್ನೂ ತಳ್ಳಿಹಾಕಿತು.

ಆದರೆ ಆ ಬೂಟ್ ಸಾಲು, ಆ ಕರ್ನಲ್ ಕೂಡ ಬಂದಿದ್ದು ಟಿಎಫ್‌ಟಿಪಿಯಲ್ಲಿ, ಅಲ್ಲಿ ಸಹಿಯ ಮಾತೇ ಇಲ್ಲ. ಸೆಕ್ಯೂರ್ ಬೂಟ್ ಇರುವ ಮದರ್‌ಬೋರ್ಡ್ ಆಗಿದ್ದರೆ ಮೊದಲ ಫೈಲಿನಿಂದಲೇ ಸಹಿ ನೋಡುತ್ತಿತ್ತು. ನಮ್ಮವು ಹಳೆಯ ಬೋರ್ಡ್‌ಗಳು. ಹಾಗಾಗಿ ಲ್ಯಾಬಿನ ಕೇಬಲ್‌ಗಳನ್ನೆಲ್ಲ ಕಾಲೇಜಿನ ನೆಟ್‌ವರ್ಕಿನಿಂದ ಬಿಡಿಸಿ ಬೇರೆ ಸ್ವಿಚ್‌ಗೆ ಹಾಕಿ, ಆ ಸ್ವಿಚ್ಚನ್ನು ಸರ್ವರ್ ಕೋಣೆಯಲ್ಲಿಟ್ಟು ಬೀಗ ಹಾಕಿದೆ.